ಬ್ರಷ್‌ನಲ್ಲಿ ಬರೆದಂಗಿರೋ ಕನ್ನಡ ಫಾಂಟು: ಸ್ಯಾಂಪಲ್‌ನಲ್ಲಿ ಚೆಂದ, ಶೀರ್ಷಿಕೆಗೆ ಹಾಕಿದ್ರೆ ಜೀವನೇ ಇಲ್ಲ, ಯಾಕೆ?

ದುಂಡಕ್ಷರ
ಎಲ್ಲರಿಗೂ ನಮಸ್ಕಾರ. ಸ್ನೇಹಿತನ ಕಥಾಸಂಕಲನಕ್ಕೆ ಮುಖಪುಟ ಮಾಡ್ತಾ ಇದೀನಿ, ಹೆಸರು "ಕತ್ತಲ ಕಡೆಗಿನ ಕಿಟಕಿ". ಶೀರ್ಷಿಕೆ ಕೈಯಲ್ಲಿ ಸರಸರ ಬ್ರಷ್ ಎಳೆದು ಬರೆದಂಗಿರ್ಬೇಕು, ತೀರಾ ನೀಟಾಗಿ ಬೇಡ, ಆದ್ರೆ ದೂರದಿಂದ ಓದೋಕೂ ಆಗ್ಬೇಕು ಅಂತ ಅವನ ಆಸೆ. ಸರಿ ಅಂತ ಒಂದು ಬ್ರಷ್ ಫಾಂಟ್ ಹುಡುಕಿ ತಗೊಂಡೆ. ಅದರ ಸ್ಯಾಂಪಲ್ ಚಿತ್ರ ಎಷ್ಟು ಚೆನ್ನಾಗಿತ್ತು ಅಂದ್ರೆ ಸುಮ್ನೆ ಅದನ್ನೇ ನೋಡ್ತಾ ಕೂತಿದ್ದೆ. ಆಮೇಲೆ ನಮ್ಮ ಶೀರ್ಷಿಕೆ ಟೈಪ್ ಮಾಡಿ ದೊಡ್ಡದು ಮಾಡಿ ನೋಡಿದ್ರೆ ಕೈಯಲ್ಲಿ ಬರೆದಂಗೆ ಕಾಣ್ತಾನೇ ಇಲ್ಲ, ರಬ್ಬರ್ ಸ್ಟಾಂಪ್ ಒತ್ತಿದಂಗಿದೆ. ಬಣ್ಣ ಬದಲಾಯಿಸ್ದೆ, ಸ್ವಲ್ಪ ಓರೆ ಮಾಡ್ದೆ, ಹಿಂದೆ ಕಾಗದದ ಟೆಕ್ಸ್ಚರ್ ಇಟ್ಟೆ, ಏನೂ ಉಪಯೋಗ ಆಗ್ಲಿಲ್ಲ. ಫಾಂಟೇ ಸರಿ ಇಲ್ವಾ, ನಾನು ಬಳಸ್ತಿರೋ ರೀತಿ ಸರಿ ಇಲ್ವಾ? ಒಳ್ಳೇ ಕನ್ನಡ ಬ್ರಷ್ ಫಾಂಟ್ ಗೊತ್ತಿದ್ರೆ ಅದನ್ನೂ ಹೇಳಿ.

ಪಿಕ್ಸೆಲ್ ಪುಟ್ಟಿ
ನಿಮ್ಮ ಶೀರ್ಷಿಕೆಯಲ್ಲಿ "ಕ" ಎರಡು ಸಲ ಇದೆ, "ಕಿ" ಎರಡು ಸಲ ಇದೆ. ಒಂದರ ಮೇಲೊಂದು ಇಟ್ಟು ನೋಡಿ, ಕೂದಲೆಳೆಯಷ್ಟೂ ವ್ಯತ್ಯಾಸ ಇರಲ್ಲ. ಕೈಯಲ್ಲಿ ಬರೆದಿದ್ರೆ ಹಂಗೆ ಬರೋಕೆ ಸಾಧ್ಯನಾ? ಕಣ್ಣು ಅದನ್ನ ತಕ್ಷಣ ಹಿಡಿದುಬಿಡುತ್ತೆ.

ದುಂಡಕ್ಷರ
ಅಯ್ಯೋ ಹೌದು! ಇಟ್ಟು ನೋಡ್ದೆ. ಅಂಚಿನಲ್ಲಿ ಬಣ್ಣ ಚೂರು ಸಿಡಿದಂಗೆ ಒಂದು ಚುಕ್ಕಿ ಇದೆ, ಅದು ಕೂಡ ಎರಡೂ "ಕ"ದಲ್ಲಿ ಅದೇ ಜಾಗದಲ್ಲಿದೆ.

ಗ್ಲಿಫ್ ಗಿರಿ
ಇದಕ್ಕೆ ಓಪನ್‌ಟೈಪ್‌ನಲ್ಲಿ, ಅಂದ್ರೆ ಈಗಿನ ಫಾಂಟ್ ಫೈಲ್‌ಗಳ ಮಾದರಿಯಲ್ಲೇ, ಪರಿಹಾರ ಇದೆ. ಸಂದರ್ಭ ನೋಡಿ ಅಕ್ಷರದ ರೂಪ ಬದಲಾಯಿಸೋ ಫೀಚರ್, ಕಾಂಟೆಕ್ಸ್ಚುಯಲ್ ಆಲ್ಟರ್ನೇಟ್ಸ್ ಅಂತಾರೆ, ಚಿಕ್ಕದಾಗಿ ಕಾಲ್ಟ್. ಫಾಂಟ್ ಮಾಡೋರು ಒಂದೇ ಅಕ್ಷರವನ್ನ ಮೂರ್ನಾಲ್ಕು ಸಲ ಬೇರೆ ಬೇರೆ ಬರೆದು ಒಳಗೆ ಇಟ್ಟಿರ್ತಾರೆ, ಅದೇ ಅಕ್ಷರ ಹತ್ತಿರದಲ್ಲಿ ಮತ್ತೆ ಬಂದ್ರೆ ಎರಡನೇ ರೂಪ ತಾನಾಗೇ ಬರುತ್ತೆ. ಇಂಗ್ಲಿಷ್ ಬ್ರಷ್ ಫಾಂಟ್‌ಗಳಲ್ಲಿ ಒಳ್ಳೇವು ಅನ್ನಿಸ್ಕೊಂಡಿರೋದ್ರಲ್ಲಿ ಇದು ಸುಮಾರಾಗಿ ಇದ್ದೇ ಇರುತ್ತೆ. ಬ್ರೌಸರ್‌ನಲ್ಲಿ ಈ ಫೀಚರ್ ಮಾಮೂಲಿಯಾಗಿ ಆನ್ ಇರುತ್ತೆ, ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಓಪನ್‌ಟೈಪ್ ಪ್ಯಾನೆಲ್ ತೆಗೆದು ಆನ್ ಇದೆಯಾ ಅಂತ ನೋಡ್ಬೇಕು. ನಿಮ್ಮ ಫಾಂಟ್‌ನಲ್ಲಿ ಆ ಬದಲಿ ರೂಪಗಳೇ ಇಲ್ಲ ಅಂದ್ರೆ ಆನ್ ಮಾಡಿದ್ರೂ ಏನೂ ಆಗಲ್ಲ.

ನೋಡ್ ನಾಣಿ
ಗಿರಿ ಹೇಳಿದ್ದು ಸರಿ, ಆದ್ರೆ ಇಂಗ್ಲಿಷ್‌ನ ಲೆಕ್ಕ ಕನ್ನಡಕ್ಕೆ ಹಂಗೇ ತಂದ್ರೆ ಸಾಲಲ್ಲ. ನಾನೇ ಒಂದು ಕನ್ನಡ ಬ್ರಷ್ ಫಾಂಟ್ ಮಾಡೋಕೆ ಹೋಗಿ ಎಂಟು ತಿಂಗಳು ಕೂತಿದ್ದೀನಿ, ಇನ್ನೂ ಮುಗಿದಿಲ್ಲ, ಅದರಿಂದ ಗೊತ್ತಾಗಿದ್ದು ಹೇಳ್ತೀನಿ.

ಕನ್ನಡದಲ್ಲಿ ಕಣ್ಣಿಗೆ ಚುಚ್ಚೋದು ಪೂರ್ತಿ ಅಕ್ಷರ ಅಲ್ಲ, ತಲೆಕಟ್ಟು. "ಕತ್ತಲ ಕಡೆಗಿನ ಕಿಟಕಿ"ಯಲ್ಲೇ ಎಣಿಸಿ. ಮೊದಲ ಕ, ತ್ತ, ಎರಡನೇ ಕ, ನ, ಒಟ್ಟು ನಾಲ್ಕು ತಲೆಕಟ್ಟು. ಗಿ, ಕಿ, ಕಿ ಮೂರು ಕಡೆ ಗುಡಿಸು. ಫಾಂಟ್ ಮಾಡುವಾಗ ಕೆಲಸ ಉಳಿಸೋಕೆ ನಾವು ಒಂದು ತಲೆಕಟ್ಟು ಬರೆದು ಅದನ್ನೇ ಕಾಂಪೊನೆಂಟ್ ಮಾಡಿ ಎಲ್ಲಾ ವ್ಯಂಜನದ ಮೇಲೂ ಕೂರಿಸ್ತೀವಿ. ಪಠ್ಯದ ಫಾಂಟ್‌ಗೆ ಅದೇ ಸರಿ, ಅಲ್ಲಿ ಎಲ್ಲಾ ಒಂದೇ ಥರ ಇರ್ಲೇಬೇಕು. ಬ್ರಷ್ ಫಾಂಟ್‌ನಲ್ಲಿ ಅದೇ ಮಾಡಿದ್ರೆ ಸಾಲಿನ ಮೇಲ್ಗಡೆ ಬಾಚಣಿಗೆ ಹಲ್ಲಿನ ಥರ ಒಂದೇ ಗುರುತು ಸಾಲಾಗಿ ನಿಲ್ಲುತ್ತೆ. ಕೆಳಗೆ ಅಕ್ಷರ ಬೇರೆ ಬೇರೆ ಇದ್ರೂ ಮೇಲ್ಗಡೆ ನೋಡಿದ ತಕ್ಷಣ ಇದು ಯಂತ್ರದ್ದು ಅಂತ ಗೊತ್ತಾಗುತ್ತೆ.

ಅದಕ್ಕೇ ನಾನು ತಲೆಕಟ್ಟು ಕಾಂಪೊನೆಂಟ್ ಮಾಡೋದೇ ಬಿಟ್ಟೆ. ಒಂದೊಂದು ವ್ಯಂಜನಕ್ಕೂ ಅದರದ್ದೇ ತಲೆಕಟ್ಟು, ಒಂದೇ ಓಟದಲ್ಲಿ ಬರೆದಿದ್ದು. 34 ವ್ಯಂಜನ, ಅದರಲ್ಲಿ ಖ, ಜ, ಣ, ಬ, ಲ ಥರದವಕ್ಕೆ ತಲೆಕಟ್ಟು ಇಲ್ಲ, ಆದ್ರೂ ಕೆಲಸ ಜಾಸ್ತಿನೇ. ಗುಡಿಸು, ಏತ್ವ, ಕೊಂಬು ಎಲ್ಲಕ್ಕೂ ಇದೇ ಕಥೆ, ಮತ್ತೆ ಪ್ರತಿ ವ್ಯಂಜನಕ್ಕೂ ಒತ್ತು ಬೇರೆ. ಇದರ ಮೇಲೆ ಒಂದೊಂದಕ್ಕೂ ಮೂರು ಬದಲಿ ರೂಪ ಅಂದ್ರೆ ಲೆಕ್ಕ ಎಲ್ಲಿಗೆ ಹೋಗುತ್ತೆ ನೋಡಿ. ಕನ್ನಡದಲ್ಲಿ ಒಳ್ಳೇ ಬ್ರಷ್ ಫಾಂಟ್ ಕಮ್ಮಿ ಇರೋದಕ್ಕೆ ಕಾರಣ ಪ್ರತಿಭೆ ಇಲ್ಲದೇ ಇರೋದಲ್ಲ, ಈ ದುಡಿಮೆ.

ಪಿಕ್ಸೆಲ್ ಪುಟ್ಟಿ
ತಲೆಕಟ್ಟಿನ ವಿಷಯ ಇಷ್ಟು ವರ್ಷ ಹೊಳೆದೇ ಇರ್ಲಿಲ್ಲ. ಈಗ ಎಲ್ಲಾ ಪೋಸ್ಟರ್‌ನಲ್ಲೂ ಅದೇ ಕಾಣ್ತಿದೆ.

ಕುಂಚದ ಕಾಕಾ
ನಾ ಬೋರ್ಡ್ ಬರಿಯಾಂವ, ಭಾಳ ವರ್ಷ ಕುಂಚ ಹಿಡದೀನಿ. ಫಾಂಟಿನ ಒಳಗಿನ ಲೆಕ್ಕ ನನಗ ತಿಳಿಯಂಗಿಲ್ಲ, ಕುಂಚದ ಲೆಕ್ಕ ಹೇಳ್ತೀನಿ ಕೇಳ್ರಿ. ಕುಂಚ ಒಮ್ಮೆ ಬಣ್ಣದಾಗ ಅದ್ದಿದ್ರ ಮೊದಲನೇ ಅಕ್ಷರ ತುಂಬಿ ಬರ್ತೈತಿ, ಎರಡನೇದು ಹದಕ್ಕ ಬರ್ತೈತಿ, ಮೂರನೇದರ ಕೊನಿಗೆ ಕೂದಲು ಬಿಚ್ಚಿಕೊಂಡು ಗೆರಿ ಗೆರಿ ಆಗಿ ಬರ್ತೈತಿ. ಆಮ್ಯಾಲ ಮತ್ತ ಅದ್ದಬೇಕು, ಮತ್ತ ತುಂಬಿದ ಅಕ್ಷರ. ಈ ಏರಿಳಿತ ಇಡೀ ಸಾಲಿನ ಉಸಿರು ಇದ್ದಂಗ. ನಿಮ್ಮ ಫಾಂಟಿನಾಗ ಯಾವ ಅಕ್ಷರ ಒಣಗಿರ್ತೈತೋ ಅದು ಎಲ್ಲಿ ಬಂದ್ರೂ ಒಣಗೇ ಇರ್ತೈತಿ. ಪದದ ಮೊದಲನೇ ಅಕ್ಷರನ ಒಣಗಿ ಬಂತಂದ್ರ ಯಾರು ನಂಬತಾರ? ಕುಂಚ ಈಗರ ಅದ್ದಿರ್ತೀವಿ!

ಇನ್ನೊಂದು, ಚಪ್ಪಟಿ ಕುಂಚ ಬ್ಯಾರೆ, ಗುಂಡ ಕುಂಚ ಬ್ಯಾರೆ. ಚಪ್ಪಟಿದ್ರಾಗ ದಪ್ಪ-ಸಣ್ಣ ಆಗೋದು ಕುಂಚ ಹಿಡದ ಕೋನದಿಂದ, ಗುಂಡಂದ್ರಾಗ ಕೈ ಒತ್ತಿದ್ದರಿಂದ. ಒಂದ ಫಾಂಟಿನಾಗ "ಕ" ಚಪ್ಪಟಿ ಕುಂಚದ್ದು, "ಳ" ಗುಂಡ ಕುಂಚದ್ದು ಕಂಡಾವು ನನಗ. ಮಾಡಿದವರು ಕುಂಚ ಹಿಡದ ನೋಡಿಲ್ಲ ಅಂತ ಅಲ್ಲೇ ಗೊತ್ತಾಗ್ತೈತಿ.

ಗ್ಲಿಫ್ ಗಿರಿ
ಕಾಕಾ, ಒಣಗಿದ ರೂಪ ಪದದ ಕೊನೆಗೆ ಮಾತ್ರ ಬರೋ ಹಾಗೆ ರೂಲ್ ಬರೀಬಹುದು. ಮುಂದೆ ಸ್ಪೇಸ್ ಇದ್ರೆ ಒಣ ರೂಪ, ಹಿಂದೆ ಸ್ಪೇಸ್ ಇದ್ರೆ ತುಂಬಿದ ರೂಪ.

ಕುಂಚದ ಕಾಕಾ
ಹಂಗಾದ್ರ ಚಲೋ ಆತು. ಆದ್ರ ಯಾರು ಮಾಡ್ಯಾರ ಹೇಳ್ರಿ?

ಮಸಿಕುಡಿಕೆ
ಇಷ್ಟೆಲ್ಲಾ ಯಾಕೆ ರೀ? ಮೂರು ಪದದ ಶೀರ್ಷಿಕೆ. ಒಂದು ಬ್ರಷ್ ಪೆನ್, ಹತ್ತು ಹಾಳೆ, ಅರ್ಧ ಗಂಟೆ. ಇಪ್ಪತ್ತು ಸಲ ಬರೆದು ಚೆನ್ನಾಗಿ ಬಂದಿದ್ದನ್ನ ಸ್ಕ್ಯಾನ್ ಮಾಡಿ. ಮುಖಪುಟಕ್ಕೆ ಫಾಂಟ್ ಹಾಕೋದೇ ಸೋಮಾರಿತನ ಅಂತ ನನ್ನ ಅಭಿಪ್ರಾಯ, ಬೇಜಾರಾದ್ರೆ ಆಗ್ಲಿ.

ತೆರೆದ ಪುಟ
ಬೇಜಾರಾಯ್ತು, ಹೇಳ್ತೀನಿ ಕೇಳಿ. ನಾನು ಮಾಡೋದು ಹನ್ನೆರಡು ಪುಸ್ತಕದ ಮಾಲೆ, ಜೊತೆಗೆ ಒಂದೊಂದಕ್ಕೂ ವೆಬ್ ಬ್ಯಾನರ್, ಮತ್ತೆ ಕೊನೇ ಗಳಿಗೆಯಲ್ಲಿ ಲೇಖಕರು ಹೆಸರು ಬದಲಾಯಿಸ್ತಾರೆ. ಪ್ರತಿ ಸಲ ಕೂತು ಬರೆಯೋಕಾಗುತ್ತಾ? ಬರೆದ್ರೂ ಮಾರ್ಚ್‌ನಲ್ಲಿ ಬರೆದ ಕೈಗೂ ನವೆಂಬರ್‌ನಲ್ಲಿ ಬರೆದ ಕೈಗೂ ಹೊಂದಲ್ಲ. ಎಲ್ಲಾರ ಅಕ್ಷರವೂ ಚೆನ್ನಾಗಿರುತ್ತೆ ಅಂತಲೂ ಇಲ್ಲ. ಬರವಣಿಗೆ ಚೆನ್ನಾಗಿರೋರ ಕೈ ಇನ್ನೊಬ್ಬರಿಗೆ ಸಿಗೋಕೆ ಅಂತಲೇ ಇಂಥ ಫಾಂಟ್ ಇರೋದು.

ಮಸಿಕುಡಿಕೆ
ಮಾಲೆಗೆ ಒಪ್ಪಿದೆ. ಒಂದೇ ಮುಖಪುಟಕ್ಕೆ ಒಪ್ಪಲ್ಲ.

ಹಳೇ ಅಚ್ಚುಮೊಳೆ
ಈ ಜಗಳ ಹೊಸದೇನಲ್ಲ, ಲೋಹದ ಮೊಳೆ ಜೋಡಿಸೋ ಕಾಲದಲ್ಲೇ ಇತ್ತು. ಬ್ರಷ್ ಸ್ಕ್ರಿಪ್ಟ್ ಅಂತ ಎಷ್ಟೋ ಕಂಪ್ಯೂಟರ್‌ನಲ್ಲಿ ನೋಡಿರ್ತೀರಲ್ಲ, ಅದು 1942ರಲ್ಲಿ ಅಮೆರಿಕನ್ ಟೈಪ್ ಫೌಂಡರ್ಸ್ ಅನ್ನೋ ಅಚ್ಚುಮೊಳೆ ಕಂಪನಿಗೆ ರಾಬರ್ಟ್ ಇ. ಸ್ಮಿತ್ ಮಾಡಿದ್ದು. ಆಮೇಲೆ ಫ್ರಾನ್ಸ್‌ನಲ್ಲಿ ರೋಜರ್ ಎಕ್ಸ್‌ಕೊಫೋನ್ 1953ರಲ್ಲಿ ಮಿಸ್ಟ್ರಾಲ್ ಮಾಡಿದ್ರು, 1955ರಲ್ಲಿ ಶಾಕ್ ಅನ್ನೋ ಇನ್ನೂ ದಪ್ಪ ಬ್ರಷ್‌ನದ್ದು. ಮಿಸ್ಟ್ರಾಲ್‌ನಲ್ಲಿ ನನಗೆ ಈಗಲೂ ಆಶ್ಚರ್ಯ ಆಗೋದು ಅಕ್ಷರ ಒಂದಕ್ಕೊಂದು ಕೂಡೋ ಜಾಗ. ಲೋಹದ ಮೊಳೆಗೆ ರೂಲು ಬರೆಯೋಕಾಗಲ್ಲ, ಕಾಲ್ಟ್ ಇಲ್ಲ, ತಾನಾಗೇ ಬರೋ ಬದಲಿ ರೂಪ ಇಲ್ಲ. ಆದ್ರೂ ಯಾವ ಅಕ್ಷರದ ಬಾಲ ಯಾವ ಅಕ್ಷರದ ಮೂಗಿಗೆ ಬಂದ್ರೂ ಗೆರೆ ಸೇರ್ಬೇಕು, ಹಂಗೇ ಸೇರುತ್ತೆ. ಸೇರಿದ ಮೇಲೂ ಒರಟು ಹಾಗೇ ಉಳಿದಿದೆ. ಅಷ್ಟು ಯೋಚನೆ ಮಾಡಿ ಒಂದೇ ಒಂದು ರೂಪ ಬರೆದ್ರೂ ಸಾಕಾಗುತ್ತೆ, ಅದನ್ನ ಹೇಳೋಕೆ ಬಂದೆ.

ರಾತ್ರಿಪಾಳಿ
ಕಾಮಿಕ್ ಸ್ಯಾನ್ಸ್ ಕೂಡ ಬ್ರಷ್ ಫಾಂಟೇ ಅಲ್ವಾ? ಅದನ್ನ ಯಾಕೆ ಎಲ್ಲಾರೂ ಬೈತಾರೆ?

ಹಳೇ ಅಚ್ಚುಮೊಳೆ
ಅಲ್ಲಪ್ಪ. ಅದು 1994ರಲ್ಲಿ ವಿನ್ಸೆಂಟ್ ಕೊನ್ನಾರೆ ಮಾಡಿದ್ದು, ಕಾಮಿಕ್ ಪುಸ್ತಕದ ಮಾತಿನ ಗುಳ್ಳೆಗಳ ಅಕ್ಷರ ನೋಡಿ. ಗೆರೆ ಆದಿಯಿಂದ ಅಂತ್ಯದವರೆಗೂ ಹೆಚ್ಚುಕಮ್ಮಿ ಒಂದೇ ದಪ್ಪ, ಪೆನ್ನಿನ ಗೆರೆ ಅದು. ಬ್ರಷ್ ಅಂದ್ರೆ ಗೆರೆಯೊಳಗೇ ದಪ್ಪ-ಸಣ್ಣ ಆಗ್ಬೇಕು. ಬೈಗುಳ ತಿನ್ನೋದು ಸಲ್ಲದ ಜಾಗದಲ್ಲಿ ಹಾಕಿದ್ದಕ್ಕೆ.

ಗ್ಲಿಫ್ ಗಿರಿ
ಹಳೇ ಮಾತು ಬಂತಲ್ಲ ಅಂತ ಒಂದು ಸೇರಿಸ್ತೀನಿ. ರೋಮನ್ ದೊಡ್ಡಕ್ಷರದ ಕಾಲಲ್ಲಿ ಇರೋ ಸೆರಿಫ್, ಅಂದ್ರೆ ಗೆರೆ ತುದಿಯ ಚಿಕ್ಕ ಚಾಚು ಕೂಡ ಬ್ರಷ್‌ನಿಂದಲೇ ಬಂದಿದ್ದು ಅಂತ ಎಡ್ವರ್ಡ್ ಕ್ಯಾಟಿಚ್ ವಾದ. ರೋಮ್‌ನ ಟ್ರೇಜನ್ ಸ್ತಂಭದ ಶಾಸನ, 113ನೇ ಇಸವಿದು, ಕಲ್ಲು ಕೆತ್ತೋಕೆ ಮೊದಲು ಚಪ್ಪಟೆ ಬ್ರಷ್‌ನಲ್ಲಿ ಬರೆದಿದ್ರು, ಬ್ರಷ್ ತಿರುಗಿಸಿ ಎತ್ತಿದ ಗುರುತೇ ಸೆರಿಫ್ ಆಯ್ತು ಅಂತ. ಆತನೂ ಕಾಕಾ ಥರ ಬೋರ್ಡ್ ಬರೆದು ಪಳಗಿದವರು, ಅದಕ್ಕೇ ಕಲ್ಲಿನಲ್ಲಿ ಬ್ರಷ್ ಕಂಡಿದ್ದು.

ಕುಂಚದ ಕಾಕಾ
ಹೌದಲ್ರಿ, ಕೈ ಮಾಡಿದ್ದು ಕೈಗೆ ಗೊತ್ತಾಗ್ತೈತಿ.

ಮಸಿಕುಡಿಕೆ
ಕನ್ನಡ ಮೂಲದಲ್ಲಿ ಬ್ರಷ್ ಲಿಪಿ ಅಲ್ವಲ್ಲ, ಓಲೆಗರಿ ಮೇಲೆ ಕಂಟದಿಂದ ಬರೆದು ದುಂಡಗಾಗಿದ್ದು. ಅದಕ್ಕೇ ಬ್ರಷ್‌ಗೆ ಒಗ್ಗಲ್ಲ.

ನೋಡ್ ನಾಣಿ
ಒಗ್ಗಲ್ಲ ಅನ್ನೋದನ್ನ ನಾನು ಒಪ್ಪಲ್ಲ. ದುಂಡಗಿರೋದು ಗುಂಡು ಬ್ರಷ್‌ಗೆ ಅನುಕೂಲವೇ, ಕೈ ಎತ್ತದೆ ತಿರುಗಿಸ್ಕೊಂಡು ಹೋಗಬಹುದು. ಕಷ್ಟ ಇರೋದು ಚಿಕ್ಕ ಚಿಕ್ಕ ಹೊಟ್ಟೆಗಳಲ್ಲಿ. "ಷ", "ಭ", "ಘ" ಇವುಗಳ ಒಳಗಿನ ಬಿಳಿ ಜಾಗ ದಪ್ಪ ಬ್ರಷ್‌ಗೆ ಮುಚ್ಚಿಹೋಗುತ್ತೆ. "ಪ"ಗೂ "ಷ"ಗೂ ಇರೋ ವ್ಯತ್ಯಾಸ ನಡುವಿನ ಆ ಒಂದು ಗೆರೆ, "ದ"ಗೂ "ಧ"ಗೂ ಆ ಒಂದು ಸೀಳು. ಅದು ಮುಚ್ಚಿದ್ರೆ ಓದೋರಿಗೆ ಪದವೇ ಬೇರೆ ಆಗುತ್ತೆ. ಬ್ರಷ್ ಫಾಂಟ್ ಆರಿಸುವಾಗ ಸ್ಯಾಂಪಲ್ ಪದ ನೋಡ್ಬೇಡಿ, "ಧ", "ಷ", "ಘ", "ಕ್ಷ್ಮ", "ಸ್ತ್ರೀ" ಟೈಪ್ ಮಾಡಿ ನೋಡಿ. ಅಲ್ಲಿ ಪಾಸಾದ್ರೆ ಮಿಕ್ಕಿದ್ದು ನಂಬಬಹುದು.

ದುಂಡಕ್ಷರ
ಅದು ಬರ್ಕೊಂಡೆ. ನನ್ನ ಫಾಂಟ್‌ನಲ್ಲಿ "ಸ್ತ್ರೀ" ಟೈಪ್ ಮಾಡಿದ್ರೆ ಒತ್ತುಗಳು ಒಂದರ ಮೇಲೊಂದು ಹತ್ತಿ ಕಪ್ಪು ಮುದ್ದೆ ಆಗಿದೆ. ಇನ್ನೊಂದು ಸಮಸ್ಯೆ: ಶೀರ್ಷಿಕೆ ಎರಡು ಸಾಲು ಮಾಡಿದ್ರೆ "ತ್ತ"ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಚುಚ್ತಿದೆ.

ತೆರೆದ ಪುಟ
ಸಾಲಿನ ಅಂತರ ಜಾಸ್ತಿ ಮಾಡೋದು ಸುಲಭ, ಆದ್ರೆ ಆಗ ಎರಡು ಸಾಲು ಬೇರೆ ಬೇರೆ ಶೀರ್ಷಿಕೆ ಥರ ಕಾಣುತ್ತೆ. ನಾನು ಮಾಡೋದು ಏನಂದ್ರೆ ಕೆಳಗಿನ ಸಾಲನ್ನ ಎಡಕ್ಕೋ ಬಲಕ್ಕೋ ಜರುಗಿಸಿ, ಒತ್ತು ಇಳಿಯೋ ಜಾಗಕ್ಕೆ ಎರಡು ಪದದ ನಡುವಿನ ಖಾಲಿ ಜಾಗ ಅಥವಾ ತಗ್ಗಾಗಿರೋ ಅಕ್ಷರ ಬರೋ ಹಾಗೆ ಕೂರಿಸೋದು. ಕೈಯಲ್ಲಿ ಬರೆಯೋರೂ ಹಂಗೇ ಮಾಡ್ತಾರೆ, ಒತ್ತಿಗೆ ಜಾಗ ಬಿಟ್ಕೊಂಡು ಬರೀತಾರೆ. ಮತ್ತೆ ಬ್ರಷ್ ಫಾಂಟ್‌ಗೆ ಅಕ್ಷರದ ಅಂತರ ಯಾವತ್ತೂ ಜಾಸ್ತಿ ಮಾಡ್ಬೇಡಿ. ಕೂಡಿಕೊಂಡಿರೋ ಗೆರೆ ಕಡಿದುಹೋಗುತ್ತೆ. ಸಾಫ್ಟ್‌ವೇರ್ ಕೊಡೋ ಬೋಲ್ಡ್ ಬಟನ್ ಕೂಡ ಒತ್ತಬೇಡಿ, ಅದು ಸುತ್ತಲೂ ದಪ್ಪ ಮಾಡಿ ಇದ್ದಬದ್ದ ಬಿಳಿ ಜಾಗನೂ ತುಂಬಿಸಿಬಿಡುತ್ತೆ.

ರಾತ್ರಿಪಾಳಿ
ನನಗೆ ಫೋಟೋಶಾಪ್‌ನಲ್ಲಿ ಒತ್ತಕ್ಷರನೇ ಬರಲ್ಲ, "ತ್ ತ" ಅಂತ ಬಿಡಿಬಿಡಿಯಾಗಿ ಬರುತ್ತೆ. ಫಾಂಟ್ ಕೆಟ್ಟಿದೆಯಾ?

ಗ್ಲಿಫ್ ಗಿರಿ
ಫಾಂಟ್ ಅಲ್ಲ, ಸೆಟ್ಟಿಂಗು. ನಿಮ್ಮದು ಕೆಲವು ವರ್ಷ ಹಳೇ ಫೋಟೋಶಾಪ್ ಇರ್ಬೇಕು, ಅದರ ಪ್ರಿಫರೆನ್ಸಸ್‌ನಲ್ಲಿ ಟೈಪ್ ಅನ್ನೋ ಕಡೆ ಟೆಕ್ಸ್ಟ್ ಎಂಜಿನ್ ಇರುತ್ತೆ, ವರ್ಲ್ಡ್-ರೆಡಿ ಲೇಔಟ್ ಆರಿಸಿ. ಅದಕ್ಕೂ ಹಳೇ ಆವೃತ್ತಿಯಲ್ಲಿ ಅದರ ಹೆಸರು ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್. ಇನ್‌ಡಿಸೈನ್‌ನಲ್ಲಾದ್ರೆ ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್.

ರಾತ್ರಿಪಾಳಿ
ಬಂತು ಬಂತು! ಧನ್ಯವಾದ ಗಿರಿ ಅವರೇ, ಎರಡು ವರ್ಷದಿಂದ ಒತ್ತು ಬೇರೆ ಕಡೆಯಿಂದ ಕಾಪಿ ಮಾಡಿ ಚಿತ್ರ ಅಂಟಿಸ್ತಿದ್ದೆ.

ಪಿಕ್ಸೆಲ್ ಪುಟ್ಟಿ
ಮೂಲ ಪ್ರಶ್ನೆ ಉಳೀತಲ್ಲ, ಯಾವ ಫಾಂಟು? ನಾನು ನೋಡಿರೋದು ಹೇಳ್ತೀನಿ. ಗೂಗಲ್ ಫಾಂಟ್ಸ್‌ನಲ್ಲಿ ಅಕಾಯ ಕನಡಕ ಅಂತ ಇದೆ, ಕನ್ನಡ ಮತ್ತೆ ಇಂಗ್ಲಿಷ್ ಎರಡೂ, ಡಿಸ್‌ಪ್ಲೇಗೆ, ಅಂದ್ರೆ ಶೀರ್ಷಿಕೆಯಂಥ ದೊಡ್ಡ ಅಕ್ಷರಕ್ಕೆ ಅಂತಲೇ ಮಾಡಿರೋದು, ಒಂದೇ ತೂಕ, ತೆಳು-ದಪ್ಪ ಅಂತ ಬೇರೆ ಬೇರೆ ಆವೃತ್ತಿ ಇಲ್ಲ. ಹುಬ್ಬಳ್ಳಿ ಅನ್ನೋ ಹೆಸರಿನ ಫಾಂಟ್ ಇದೆ, ಅದೂ ಸಲೀಸಾದ ಕೈಬರಹದ ಧಾಟಿ, ಆದ್ರೆ ಗೆರೆ ಒಂದೇ ದಪ್ಪ, ಪೆನ್ನಿನ ಥರ. ಬಾಲೂ ತಮ್ಮ ದಪ್ಪಗೆ ಮುದ್ದಾಗಿದೆ, ಹಲವರು ಅದನ್ನೂ ಬ್ರಷ್ ಅಂತಾರೆ.

ನೋಡ್ ನಾಣಿ
ಬಾಲೂ ತಮ್ಮ ಬ್ರಷ್ ಅಲ್ಲ, ಮೂಲೆ ದುಂಡಗಿರೋ ದಪ್ಪ ಫಾಂಟ್. ಚೆನ್ನಾಗಿ ಮಾಡಿದಾರೆ, ಮಕ್ಕಳ ಪುಸ್ತಕಕ್ಕೆ ನಾನೇ ಹಾಕ್ತೀನಿ, ಈ ಶೀರ್ಷಿಕೆಗೆ ಹೊಂದಲ್ಲ. ಕತ್ತಲು ಅನ್ನೋ ಪದ ಅಷ್ಟು ನುಣ್ಣಗೆ ಇರ್ಬಾರ್ದು.

ತೆರೆದ ಪುಟ
ಪುಟ್ಟಿ ಹೇಳಿದ ಮೂರೂ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್‌ನವು, ಅದು ಮುಖ್ಯ. ಪುಸ್ತಕಕ್ಕೆ, ಪೋಸ್ಟರ್‌ಗೆ, ಮಾರೋ ವಸ್ತುವಿಗೆ ಧಾರಾಳವಾಗಿ ಬಳಸಬಹುದು, ಫಾಂಟ್ ಫೈಲನ್ನೇ ಒಂಟಿಯಾಗಿ ಮಾರೋ ಹಾಗಿಲ್ಲ ಅಷ್ಟೇ. ತಿದ್ದಿ ಹಂಚಿದ್ರೆ ಅದೇ ಲೈಸೆನ್ಸ್‌ನಲ್ಲೇ ಹಂಚಬೇಕು. ಬ್ರಷ್ ಫಾಂಟ್ ಹುಡುಕೋರು ಎಡವೋದು ಇಲ್ಲೇ, ಉಚಿತ ಅಂತ ದೊಡ್ಡದಾಗಿ ಬರೆದಿರ್ತಾರೆ, ಕೆಳಗೆ ಸಣ್ಣದಾಗಿ ಸ್ವಂತ ಬಳಕೆಗೆ ಮಾತ್ರ ಅಂತ. ಮಾರಾಟಕ್ಕಿರೋ ಪುಸ್ತಕದ ಮುಖಪುಟ ಸ್ವಂತ ಬಳಕೆ ಅಲ್ಲ. ದುಂಡಕ್ಷರ ಅವರೇ, ನಿಮ್ಮ ಫಾಂಟ್‌ನ ಜೊತೆ ಬಂದಿರೋ ಲೈಸೆನ್ಸ್ ಫೈಲ್ ತೆಗೆದು ಓದಿದೀರಾ?

ದುಂಡಕ್ಷರ
ಈಗ ಓದ್ದೆ. ಸ್ವಂತ ಬಳಕೆಗೆ ಮಾತ್ರ ಅಂತಲೇ ಇದೆ. ಸದ್ಯ ಈಗಲೇ ಕೇಳಿದ್ರಿ.

ಮಸಿಕುಡಿಕೆ
ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ರೂಪ ಕೂರಿಸಿರೋ ಹಳೇ ಆಸ್ಕಿ ಫಾಂಟ್‌ಗಳಲ್ಲಿ ಬ್ರಷ್ ಥರದವು ಇದ್ವಲ್ಲ, ಮುಖಪುಟ ಹೆಂಗಿದ್ರೂ ಚಿತ್ರ, ಯೂನಿಕೋಡ್ ಆದ್ರೇನು ಆಸ್ಕಿ ಆದ್ರೇನು?

ಗ್ಲಿಫ್ ಗಿರಿ
ಅಚ್ಚಾಗೋ ಮುಖಪುಟಕ್ಕೆ ನೀವು ಹೇಳೋದು ನಿಜ, ಔಟ್‌ಲೈನ್ ಮಾಡಿದ್ಮೇಲೆ, ಅಂದ್ರೆ ಅಕ್ಷರವನ್ನ ಬರೀ ಆಕಾರವಾಗಿ ಬದಲಾಯಿಸಿದ್ಮೇಲೆ, ಎರಡೂ ಒಂದೇ. ಆದ್ರೆ ಅದೇ ಶೀರ್ಷಿಕೆಯನ್ನ ವೆಬ್ ಪುಟದಲ್ಲಿ ಪಠ್ಯವಾಗಿ ಹಾಕಿದ್ರೆ ಆಸ್ಕಿದು ಹುಡುಕೋಕೆ ಸಿಗಲ್ಲ, ಸ್ಕ್ರೀನ್ ರೀಡರ್ ಓದೋಕೆ ಹೋದ್ರೆ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರ ಬರುತ್ತೆ. ಕಣ್ಣು ಕಾಣದ ಓದುಗರಿಗೆ ಪುಸ್ತಕದ ಹೆಸರೇ ಇಲ್ಲದ ಹಾಗೆ. ಅದು ಸಣ್ಣ ವಿಷಯ ಅಲ್ಲ.

ಮಸಿಕುಡಿಕೆ
ಅದನ್ನ ಯೋಚಿಸಿರ್ಲಿಲ್ಲ. ಸರಿ, ಮಾತು ವಾಪಸ್.

ನೋಡ್ ನಾಣಿ
ಕೈಯಲ್ಲೇ ಬರೆದು ಸ್ಕ್ಯಾನ್ ಮಾಡೋರಿಗೆ ಒಂದು ಮಾತು. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಬರೆಯುವಾಗಲೇ ದೊಡ್ಡದಾಗಿ ಬರೆಯಿರಿ, ಒಂದಕ್ಷರ ಅಂಗೈಯಷ್ಟಾದ್ರೂ ಇರ್ಲಿ. ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಟ್ರೇಸ್ ಮಾಡಿದ್ರೆ, ಅಂದ್ರೆ ಸ್ಕ್ಯಾನ್ ಚಿತ್ರವನ್ನ ಗೆರೆಗಳಾಗಿ ಬದಲಾಯಿಸಿದ್ರೆ, ಒಣ ಬ್ರಷ್‌ನ ಗೆರೆ ಒಂದೊಂದಕ್ಕೂ ನೂರಾರು ನೋಡ್, ಅಂದ್ರೆ ಗೆರೆ ಹಿಡಿದಿಡೋ ಬಿಂದು ಹುಟ್ಟಿಕೊಳ್ಳುತ್ತೆ. ಮುಖಪುಟಕ್ಕೆ ತೊಂದರೆ ಇಲ್ಲ, ಆದ್ರೆ ಅದನ್ನೇ ಫಾಂಟ್ ಮಾಡ್ತೀನಿ ಅಂದ್ರೆ ಫೈಲ್ ಭಾರ ಆಗುತ್ತೆ, ಸ್ಟಿಕ್ಕರ್ ಕತ್ತರಿಸೋ ಪ್ಲಾಟರ್‌ಗೆ ಕೊಟ್ರೆ ಬ್ಲೇಡು ಆ ಸಣ್ಣ ಚುಕ್ಕಿಗಳನ್ನೆಲ್ಲಾ ಕತ್ತರಿಸೋಕೆ ಹೋಗಿ ಅಂಚು ಹರಿದುಹಾಕುತ್ತೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಚುಕ್ಕಿ ಅಳಿಸಿ, ಕಾಣೋ ಒರಟು ಉಳಿಸಿ. ಎಷ್ಟು ಅಳಿಸ್ಬೇಕು ಅನ್ನೋದಕ್ಕೆ, ಮುದ್ರಣದಲ್ಲಿ ಬರೋ ಅಳತೆಯಲ್ಲೇ ಒಂದು ಪ್ರಿಂಟ್ ತೆಗೆದು ಕೈ ಚಾಚಿ ಹಿಡ್ಕೊಂಡು ನೋಡಿ.

ದುಂಡಕ್ಷರ
ನಾಲ್ಕು ದಿನ ಆಯ್ತು, ಏನಾಯ್ತು ಅಂತ ಹೇಳ್ತೀನಿ. ಆ ಫಾಂಟ್ ತೆಗೆದುಹಾಕಿದೆ. ಮಸಿಕುಡಿಕೆ ಹೇಳಿದ ಹಾಗೆ ಗುಂಡು ಬ್ರಷ್ ತಗೊಂಡು ಕೂತೆ. ಮೊದಲ ಹದಿನೈದು ಹಾಳೆ ಯಾವುದೂ ಬರ್ಲಿಲ್ಲ, ಯಾಕಂದ್ರೆ ನಾನು ಒಂದೊಂದು ಅಕ್ಷರ ಬರೆದು ನಿಲ್ಲಿಸ್ತಿದ್ದೆ. ಕಾಕಾ ಹೇಳಿದ್ದು ನೆನಪಾಗಿ, ಪದಕ್ಕೊಂದು ಸಲ ಮಾತ್ರ ಅದ್ದಿ ಪದ ಮುಗಿಯೋವರೆಗೂ ಹೋದೆ. ಹದಿನೆಂಟನೇ ಹಾಳೆಯ "ಕಿಟಕಿ"ಯಲ್ಲಿ ಕೊನೇ ಕಿ ತಾನಾಗೇ ಒಣಗಿ ಬಂತು, ಅದರ ಗುಡಿಸು ಕೂದಲು ಕೂದಲಾಗಿ ತೆರೆದಿದೆ, ಪಕ್ಕದಲ್ಲೇ ಮೊದಲ ಕಿ ತುಂಬಿ ನಿಂತಿದೆ. ಅದನ್ನೇ ಇಟ್ಕೊಂಡೆ. "ಕತ್ತಲ" ಇಪ್ಪತ್ತೊಂದನೇ ಹಾಳೆದು, "ಕಡೆಗಿನ" ಇನ್ನೊಂದು ಹಾಳೆದು, ಮೂರನ್ನೂ ಕೂಡಿಸಿ "ತ್ತ"ದ ಒತ್ತು ಇಳಿಯೋ ಕಡೆ ಕೆಳಗಿನ ಸಾಲಲ್ಲಿ ಪದದ ನಡುವಿನ ಜಾಗ ಬರೋ ಹಾಗೆ ಜರುಗಿಸಿದೆ. ಲೇಖಕನ ಹೆಸರಿಗೆ ಮತ್ತೆ ಬೆನ್ನುಪುಟಕ್ಕೆ ಅನೇಕ್ ಕನ್ನಡ ಅನ್ನೋ ಫಾಂಟ್, ತೆಳು ತೂಕ. ಬ್ರಷ್ ಪಕ್ಕ ಅದು ಸುಮ್ನೆ ಕೂತಿದೆ, ಜಗಳ ಆಡಲ್ಲ.

ಸ್ನೇಹಿತನಿಗೆ ತೋರಿಸಿದೆ, ಯಾವ ಫಾಂಟು ಅಂತ ಕೇಳಿದ.

ಕುಂಚದ ಕಾಕಾ
ಭಾಳ ಖುಷಿ ಆತು ನೋಡ್ರಿ. ಕುಂಚ ತೊಳದು ಇಟ್ಟೀರಿಲ್ಲೋ? ಒಣಗಿದ್ರ ಕೂದಲ ಮುರೀತಾವ.

ನೋಡ್ ನಾಣಿ
ಆ ಮಿಕ್ಕಿದ ಹಾಳೆಗಳನ್ನ ಎಸೀಬೇಡಿ. ಒಂದೇ ಕೈಯ ಇಪ್ಪತ್ತು "ಕ", ಇಪ್ಪತ್ತು ತಲೆಕಟ್ಟು ಅಲ್ಲಿದೆ. ಸ್ಕ್ಯಾನ್ ಮಾಡಿ ಕಳಿಸ್ತೀರಾ? ನನ್ನ ಫಾಂಟ್‌ನ "ಕ"ಗೆ ಇನ್ನೂ ಎರಡು ಬದಲಿ ರೂಪ ಬಾಕಿ ಇದೆ, ನಿಮ್ಮದು ನೋಡಿ ಕೈ ಎಲ್ಲೆಲ್ಲಿ ಬದಲಾಗುತ್ತೆ ಅಂತ ತಿಳ್ಕೋಬೇಕು.

ದುಂಡಕ್ಷರ
ತೊಳೆದಿಟ್ಟಿದೀನಿ ಕಾಕಾ. ನಾಣಿ ಅವರೇ, ಇವತ್ತು ರಾತ್ರಿ ಕಳಿಸ್ತೀನಿ, ಕೆಟ್ಟದಾಗಿ ಬಂದಿರೋ ಹದಿನೈದನ್ನೂ ಸೇರಿಸಿ.